ತೀರ್ಪು ಹಿಡಿಸದಿದ್ದರೆ ನ್ಯಾಯಾಧೀಶರನ್ನು ತೆಗೆಸಬಹುದೇ?

ಕಾನೂನು ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣಕ್ಕೆ ಈ ಬಾರಿ ಆರಿಸಿಕೊಂಡ ಪತ್ರಗಳೆಲ್ಲ ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದವು. ಕೇಳಿದವರು ಬೇರೆ ಬೇರೆಯಾದರೂ, ಕೆಳಹಂತದ ನ್ಯಾಯಾಲಯದಲ್ಲಿ ಕೂರುವ ನ್ಯಾಯಾಧೀಶರು ಆ ಪೀಠಕ್ಕೆ ಹೇಗೆ ಬರುತ್ತಾರೆ, ಅಲ್ಲಿ ಅವರನ್ನು ಉಳಿಸುವವರು ಯಾರು, ಕಳಿಸುವವರು ಯಾರು ಎಂಬ ಕುತೂಹಲ ಎಲ್ಲ ಪತ್ರಗಳಲ್ಲೂ ಇದೆ. ಪತ್ರ ಬರೆದವರ ಹೆಸರುಗಳನ್ನೂ ಬಾಕಿ ಇರುವ ಪ್ರಕರಣಗಳ ವಿವರಗಳನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗಳು ಷಿಕಾಗೊದಲ್ಲಿ ನೆಲೆಸಿದ್ದು, ಈಚೆಗೆ ಅಲ್ಲಿಯ ಪೌರತ್ವ ಪಡೆದಿದ್ದಾಳೆ. ಮತ ಹಾಕಲು ಹೋದಾಗ ಮತಪತ್ರದಲ್ಲಿ ಹತ್ತಾರು ನ್ಯಾಯಾಧೀಶರ ಹೆಸರುಗಳಿದ್ದು, ಪ್ರತಿಯೊಬ್ಬರನ್ನೂ ಹುದ್ದೆಯಲ್ಲಿ ಮುಂದುವರಿಸಬೇಕೇ ಬೇಡವೇ ಎಂದು ಗುರುತು ಹಾಕಬೇಕಿತ್ತಂತೆ. ನಮ್ಮ ತಾಲ್ಲೂಕಿನ ಕೋರ್ಟಿಗೂ ಇಂಥದ್ದೊಂದು ಏರ್ಪಾಡು ಬಂದರೆ ಒಳ್ಳೆಯದಲ್ಲವೇ?
ಓದುಗರೊಬ್ಬರು, ಚಿಂತಾಮಣಿ

ಉತ್ತರ: ನಿಮ್ಮ ಮಗಳು ಕಂಡದ್ದು ನಿಜ. ಅಮೆರಿಕದಲ್ಲಿ ಫೆಡರಲ್ ನ್ಯಾಯಾಧೀಶರ ನೇಮಕ ಆಜೀವ ಅವಧಿಯದಾದರೂ ರಾಜ್ಯಗಳ ನ್ಯಾಯಾಲಯಗಳದ್ದು ಬೇರೆಯೇ ದಾರಿ, ಅದೂ ಒಂದೊಂದು ರಾಜ್ಯಕ್ಕೆ ಒಂದೊಂದು ರೀತಿ. ಮಿಸೌರಿ ರಾಜ್ಯವು 1940ರಲ್ಲಿ ಒಂದು ಪದ್ಧತಿಯನ್ನು ಒಪ್ಪಿಕೊಂಡಿತು. ಆಯ್ಕೆ ಸಮಿತಿಯೊಂದು ಕೊಡುವ ಪಟ್ಟಿಯಿಂದ ರಾಜ್ಯಪಾಲರು ನ್ಯಾಯಾಧೀಶರನ್ನು ನೇಮಿಸುತ್ತಾರೆ. ಕೆಲಕಾಲ ಕೆಲಸ ಮಾಡಿದ ಮೇಲೆ ಆ ನ್ಯಾಯಾಧೀಶರು ಎದುರಾಳಿಯೇ ಇಲ್ಲದ ಒಂದು ಮತದಾನವನ್ನು ಎದುರಿಸುತ್ತಾರೆ. ಇದನ್ನು ನೋಡಿ ಬೇರೆ ರಾಜ್ಯಗಳೂ ತಮಗೆ ಬೇಕಾದಂತೆ ಬದಲಿಸಿಕೊಂಡವು. ನಿಮ್ಮ ಮಗಳಿರುವ ಇಲಿನಾಯ್ ರಾಜ್ಯದಲ್ಲಿ ವಿಚಾರಣಾ ನ್ಯಾಯಾಲಯದ ನ್ಯಾಯಾಧೀಶರು ಮೊದಲು ಪಕ್ಷದ ಹೆಸರಿನಲ್ಲೇ ಚುನಾವಣೆಗೆ ನಿಂತು ಗೆಲ್ಲಬೇಕು, ಅನಂತರ ಆರು ವರ್ಷಗಳಿಗೊಮ್ಮೆ ಮುಂದುವರಿಕೆಯ ಮತಕ್ಕೆ ಒಳಗಾಗಬೇಕು, ಅದರಲ್ಲಿ ಕನಿಷ್ಠ ಶೇ 60ರಷ್ಟು ಜನ ಹೌದು ಎನ್ನಬೇಕು.

ಕಾಗದದ ಮೇಲೆ ಇದು ಜನರ ಕೈಗೆ ಕೊಟ್ಟ ದೊಡ್ಡ ಅಧಿಕಾರ. ನಡೆಯುವುದು ಹಾಗಲ್ಲ. ಹತ್ತಾರು ಹೆಸರುಗಳ ಪಟ್ಟಿಯಲ್ಲಿ ಯಾರು ಹೇಗೆ ಕೆಲಸ ಮಾಡಿದ್ದಾರೆಂದು ಮತದಾರರಿಗೆ ತಿಳಿದಿರುವುದಿಲ್ಲವಾದ್ದರಿಂದ ಬಹುತೇಕ ಎಲ್ಲರೂ ಉಳಿದುಕೊಳ್ಳುತ್ತಾರೆ. ಷಿಕಾಗೊ ಇರುವ ಕುಕ್ ಕೌಂಟಿಯಲ್ಲಿ 2018ರಲ್ಲಿ ನ್ಯಾಯಾಧೀಶರೊಬ್ಬರು ಶೇ 60 ದಾಟದೆ ಹುದ್ದೆ ಕಳೆದುಕೊಂಡಾಗ ಅದು ದೊಡ್ಡ ಸುದ್ದಿಯಾಯಿತು, ಏಕೆಂದರೆ 1990ರ ನಂತರ ಅಲ್ಲಿ ಹಾಗಾದದ್ದು ಅದೇ ಮೊದಲು. ಇನ್ನೊಂದು ತುದಿಯಲ್ಲಿ, ಒಂದೇ ಒಂದು ವಿಷಯದ ಮೇಲೆ ಜನರ ಸಿಟ್ಟು ಏರಿದಾಗ ಹಲವು ವರ್ಷಗಳ ಸೇವೆ ಲೆಕ್ಕಕ್ಕೇ ಬರುವುದಿಲ್ಲ. ಕ್ಯಾಲಿಫೋರ್ನಿಯದ ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್ ಅವರು ಮರಣದಂಡನೆಯ ತೀರ್ಪುಗಳನ್ನು ಎತ್ತಿಹಿಡಿಯಲಿಲ್ಲವೆಂಬ ಪ್ರಚಾರದ ನಡುವೆ 1986ರಲ್ಲಿ ಇನ್ನಿಬ್ಬರು ಸಹೋದ್ಯೋಗಿಗಳೊಡನೆ ಸೋತರು. ಸಲಿಂಗ ವಿವಾಹದ ಪರವಾಗಿ 2009ರಲ್ಲಿ ಒಮ್ಮತದ ತೀರ್ಪು ಕೊಟ್ಟ ಅಯೊವ ಸುಪ್ರೀಂ ಕೋರ್ಟಿನ ಮೂವರು ಮರುವರ್ಷದ ಮತದಾನದಲ್ಲಿ ಸ್ಥಾನ ಕಳೆದುಕೊಂಡರು. ಕ್ಯಾಲಿಫೋರ್ನಿಯದ ವಿಚಾರಣಾ ನ್ಯಾಯಾಧೀಶ ಆರನ್ ಪರ್ಸ್ಕಿ ಅವರನ್ನು, ಲೈಂಗಿಕ ದೌರ್ಜನ್ಯದ ಅಪರಾಧಿಯೊಬ್ಬನಿಗೆ ಆರು ತಿಂಗಳ ಸೆರೆ ಮಾತ್ರ ವಿಧಿಸಿದರೆಂಬ ಕಾರಣಕ್ಕೆ, 2018ರಲ್ಲಿ ಮತದಾರರು ಅವಧಿಗೆ ಮೊದಲೇ ಹಿಂದಕ್ಕೆ ಕರೆಸಿಕೊಂಡರು. ಆ ಶಿಕ್ಷೆ ಕಡಿಮೆಯಾಯಿತೆಂದು ನನಗೂ ಅನ್ನಿಸುತ್ತದೆ. ಆದರೆ ಅದಾದ ಮೇಲೆ ಪಕ್ಕದ ಕೊಠಡಿಯಲ್ಲಿ ಕೂತ ನ್ಯಾಯಾಧೀಶರು ಶಿಕ್ಷೆಯ ಪ್ರಮಾಣ ನಿಗದಿ ಮಾಡುವಾಗ ಕಡತವನ್ನಷ್ಟೇ ನೋಡಿಯಾರೆ, ಬೀದಿಯನ್ನೂ ನೋಡಿಯಾರೆ ಎಂಬುದು ಯೋಚಿಸಬೇಕಾದ ಮಾತು.

ನಮ್ಮ ಕಡೆಗೆ ಬಂದರೆ, ತಾಲ್ಲೂಕು ನ್ಯಾಯಾಲಯದಲ್ಲಿ ಬರುವ ಎಷ್ಟೋ ವ್ಯಾಜ್ಯಗಳಲ್ಲಿ ಒಂದು ಪಕ್ಷಕ್ಕೆ ಊರಿನ ಬೆಂಬಲವಿರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಕೆರೆ ಅಂಗಳದ ಒತ್ತುವರಿ, ದಾರಿಯ ಹಕ್ಕು, ದೇವಸ್ಥಾನದ ಜಮೀನು, ಹೆಣ್ಣುಮಕ್ಕಳ ಪಾಲು ಇಂಥವುಗಳಲ್ಲಿ ಕಾನೂನು ಯಾರ ಕಡೆಗಿದೆಯೋ ಮತಗಳೂ ಆ ಕಡೆಗೇ ಇರುತ್ತವೆಂದು ಹೇಳಲಾಗದು. ಒತ್ತುವರಿ ಮಾಡಿದ ನೂರು ಮನೆಗಳವರು ಮತ ಹಾಕುವ ಕ್ಷೇತ್ರದಲ್ಲಿ ಒತ್ತುವರಿ ತೆರವನ್ನು ಎತ್ತಿಹಿಡಿಯುವ ಧೈರ್ಯ ಎಷ್ಟು ಜನಕ್ಕೆ ಬಂದೀತು? ಅದಕ್ಕೇ ಮತಪತ್ರದ ದಾರಿ ನಮಗೆ ಬೇಡವೆಂಬುದು ನನ್ನ ಅಭಿಪ್ರಾಯ.

ಹಾಗೆಂದು ನಮ್ಮಲ್ಲಿ ಮುಂದುವರಿಕೆಯ ಪರೀಕ್ಷೆಯೇ ಇಲ್ಲವೆಂದಲ್ಲ. ಸಂವಿಧಾನದ 235ನೆಯ ವಿಧಿಯು ಅಧೀನ ನ್ಯಾಯಾಲಯಗಳ ಮೇಲಿನ ನಿಯಂತ್ರಣವನ್ನು ಹೈಕೋರ್ಟಿಗೆ ಕೊಟ್ಟಿದೆ, ಸರ್ಕಾರಕ್ಕಲ್ಲ. ಪ್ರೊಬೇಷನ್, ಅಂದರೆ ಆರಂಭದ ಪರೀಕ್ಷಾರ್ಥ ಸೇವೆ, ಮುಗಿಯುವಾಗ ಒಮ್ಮೆ, ಐವತ್ತು ವರ್ಷ ತುಂಬುವ ಹೊತ್ತಿಗೆ ಮತ್ತೊಮ್ಮೆ, ಐವತ್ತೆಂಟು ತುಂಬುವ ಮುನ್ನ ಇನ್ನೊಮ್ಮೆ ಹೈಕೋರ್ಟು ಆ ಅಧಿಕಾರಿಯ ದಾಖಲೆಯನ್ನು ತೆರೆದು, ಇವರನ್ನು ಇಟ್ಟುಕೊಳ್ಳಬೇಕೇ ಎಂದು ಕೇಳಿಕೊಳ್ಳುತ್ತದೆ. ವಾರ್ಷಿಕ ಗೋಪ್ಯ ವರದಿ, ವಿಲೇವಾರಿ ಮಾಡಿದ ಪ್ರಕರಣಗಳಿಗೆ ಸಿಗುವ ಅಂಕಗಳ ಲೆಕ್ಕ (ಯೂನಿಟ್ ಲೆಕ್ಕ), ಬರೆದ ತೀರ್ಪುಗಳ ಗುಣಮಟ್ಟ, ನಡತೆಯ ಬಗ್ಗೆ ಬಂದ ವರದಿ ಇವೆಲ್ಲ ಅಲ್ಲಿ ಪರಿಶೀಲನೆಗೆ ಬರುತ್ತವೆ. ಅಮೆರಿಕದವರಿಂದ ನಾವು ಕಲಿಯಬೇಕಾದದ್ದು ಇದ್ದರೆ ಅದು ಮತದಾನವಲ್ಲ, ಮತದಾನಕ್ಕೆ ಮೊದಲು ಅಲ್ಲಿಯ ವಕೀಲರ ಸಂಘಗಳೂ ಕೆಲವು ರಾಜ್ಯಗಳಲ್ಲಿ ಮೌಲ್ಯಮಾಪನ ಆಯೋಗಗಳೂ ನ್ಯಾಯಾಧೀಶರ ಕೆಲಸದ ಬಗ್ಗೆ ಬಹಿರಂಗವಾಗಿ ಪ್ರಕಟಿಸುವ ಅಭಿಪ್ರಾಯ. ನಮ್ಮ ಮೌಲ್ಯಮಾಪನ ಪೂರ್ತಿ ಮುಚ್ಚಿದ ಲಕೋಟೆಯಲ್ಲೇ ಮುಗಿಯುತ್ತದೆ.

ಪ್ರಶ್ನೆ: ನಮ್ಮ ಅಣ್ಣತಮ್ಮಂದಿರ ವಿಭಾಗದ ದಾವೆಯಲ್ಲಿ ಸಾಕ್ಷಿ ಮುಗಿದು ಎರಡೂ ಕಡೆಯ ವಾದವೂ ಮುಗಿದಿತ್ತು. ತೀರ್ಪು ಬರುವಷ್ಟರಲ್ಲಿ ನ್ಯಾಯಾಧೀಶರಿಗೆ ವರ್ಗವಾಯಿತು. ಹೊಸಬರು ಬಂದು ಮತ್ತೆ ವಾದ ಮಾಡಿ ಎನ್ನುತ್ತಿದ್ದಾರೆ. ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕೇ?
ಓದುಗರೊಬ್ಬರು, ಮಧುಗಿರಿ

ಉತ್ತರ: ಮೊದಲಿನಿಂದ ಬೇಡ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 18, ನಿಯಮ 15ರ ಪ್ರಕಾರ ಹಿಂದಿನ ನ್ಯಾಯಾಧೀಶರು ದಾಖಲಿಸಿಕೊಂಡ ಸಾಕ್ಷ್ಯವನ್ನು ಹೊಸಬರು ತಾವೇ ದಾಖಲಿಸಿದಂತೆ ಭಾವಿಸಿ, ಬಿಟ್ಟಲ್ಲಿಂದ ಮುಂದುವರಿಸಬಹುದು. ನಿಮ್ಮ ಸಾಕ್ಷಿಗಳು ಮತ್ತೆ ಕಟಕಟೆ ಹತ್ತಬೇಕಿಲ್ಲ, ಪಾಟೀ ಸವಾಲೂ ಮತ್ತೆ ನಡೆಯುವುದಿಲ್ಲ. ಆದರೆ ವಾದವನ್ನು ಕಿವಿಯಾರೆ ಕೇಳದವರು ತೀರ್ಪು ಬರೆಯುವುದು ಸರಿಯಲ್ಲವಾದ್ದರಿಂದ ವಾದ ಮಾತ್ರ ಮತ್ತೆ ಆಗಲೇಬೇಕು. ಹಿಂದಿನವರು ತೀರ್ಪನ್ನು ಬರೆದಿಟ್ಟು ಓದದೆ ಹೋಗಿದ್ದರೆ, ಆದೇಶ 20, ನಿಯಮ 2ರಂತೆ ಹೊಸಬರು ಅದನ್ನು ಪ್ರಕಟಿಸಬೇಕು. ನಿಮ್ಮ ಪ್ರಕರಣದಲ್ಲಿ ಹಾಗಾಗಿಲ್ಲವೆಂದು ಕಾಣುತ್ತದೆ.

ಮೂಲ ತೊಂದರೆ ಬೇರೆ ಕಡೆ ಇದೆ. ವಾದ ಮುಗಿದ ಮೂವತ್ತು ದಿನಗಳೊಳಗೆ, ವಿಶೇಷ ಕಾರಣವಿದ್ದರೆ ಅರವತ್ತು ದಿನಗಳೊಳಗೆ ತೀರ್ಪು ಕೊಡಬೇಕೆಂದು ಅದೇ ಸಂಹಿತೆ ಹೇಳುತ್ತದೆ. ವರ್ಗಾವಣೆಗಳು ಸಾಮಾನ್ಯವಾಗಿ ಬೇಸಿಗೆಯ ಹೊತ್ತಿಗೆ ಆಗುತ್ತವೆಂದು ವಕೀಲರಿಗೂ ಗೊತ್ತು, ಶಿರಸ್ತೇದಾರರಿಗೂ ಗೊತ್ತು. ಅವಧಿ ಮುಗಿಯುತ್ತ ಬಂದ ನ್ಯಾಯಾಧೀಶರ ಮುಂದೆ ಫೆಬ್ರುವರಿ, ಮಾರ್ಚ್‌ನಲ್ಲಿ ವಾಯಿದೆ ಕೇಳಿಕೊಂಡು ದಿನ ದೂಡುವ ವಕೀಲರು ಇಲ್ಲವೆನ್ನಲಾರೆ. ನಿಮ್ಮ ವಕೀಲರಿಗೆ ಹೇಳಿ ಲಿಖಿತ ವಾದವನ್ನು ಸಲ್ಲಿಸಿ; ಮರುವಾದ ಒಂದೇ ದಿನದಲ್ಲಿ ಮುಗಿಯಬಹುದು.

ಪ್ರಶ್ನೆ: ನಾನು ತುಮಕೂರಿನಲ್ಲಿ ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದೇನೆ. ತೇರ್ಗಡೆಯಾದ ತಕ್ಷಣ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯಬೇಕೆಂದಿದ್ದೆ. ಈಗ ಮೂರು ವರ್ಷ ವಕೀಲಿಕೆ ಕಡ್ಡಾಯ ಎನ್ನುತ್ತಿದ್ದಾರೆ. ಮನೆಯಲ್ಲಿ ಅಷ್ಟು ಕಾಯುವ ಅನುಕೂಲವಿಲ್ಲ. ಈ ದಾರಿ ಹಿಡಿಯುವುದು ಬುದ್ಧಿವಂತಿಕೆಯೇ?
ವಿದ್ಯಾರ್ಥಿನಿ, ತುಮಕೂರು

ಉತ್ತರ: ಮೂರು ವರ್ಷಗಳ ನಿಯಮ ಹೊಸದೇನಲ್ಲ, ಹೋಗಿ ಮತ್ತೆ ಬಂದದ್ದು. ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1993ರಲ್ಲಿ ಅದನ್ನು ವಿಧಿಸಿತ್ತು, ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಆಯೋಗದ ವರದಿಯ ಹಿನ್ನೆಲೆಯಲ್ಲಿ, ಒಳ್ಳೆಯ ಪದವೀಧರರು ಈ ಸೇವೆಗೆ ಬರುತ್ತಿಲ್ಲವೆಂದು 2002ರಲ್ಲಿ ತೆಗೆದುಹಾಕಿತು. 2025ರ ಮೇ 20ರಂದು ಮತ್ತೆ ತಂದಿತು. ಅನುಭವವನ್ನು ತಾತ್ಕಾಲಿಕ ನೋಂದಣಿಯ ದಿನದಿಂದಲೇ ಎಣಿಸಬಹುದು, ನ್ಯಾಯಮೂರ್ತಿಗಳ ಬಳಿ ಕಾನೂನು ಗುಮಾಸ್ತರಾಗಿ ದುಡಿದ ಕಾಲವೂ ಸೇರುತ್ತದೆ. ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಅನುಭವವುಳ್ಳ ವಕೀಲರು ಪ್ರಮಾಣಪತ್ರ ಕೊಟ್ಟರೆ ಅದಕ್ಕೆ ನ್ಯಾಯಾಲಯದ ಪ್ರಧಾನ ಅಧಿಕಾರಿಯ ದೃಢೀಕರಣ ಬೇಕು. ಅರ್ಜಿ ಹಾಕುವಾಗ ಹೈಕೋರ್ಟಿನ ಅಧಿಸೂಚನೆಯಲ್ಲಿರುವ ಷರತ್ತುಗಳನ್ನೇ ಅಂತಿಮವೆಂದು ನೋಡಿಕೊಳ್ಳಿ.

ನಿಯಮದ ಉದ್ದೇಶ ನನಗೆ ಒಪ್ಪಿಗೆ. ಇಪ್ಪತ್ತಮೂರು, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಒಂದು ವಕಾಲತ್ತನ್ನೂ ಹಾಕದವರು ಜಾಮೀನು ಅರ್ಜಿಯನ್ನೋ ತಡೆಯಾಜ್ಞೆಯ ಅರ್ಜಿಯನ್ನೋ ಎದುರಿಸಿದಾಗ ಪುಸ್ತಕದಲ್ಲಿ ಇಲ್ಲದ್ದೇ ಹೆಚ್ಚು ಎದುರಾಗುತ್ತದೆ. ಆದರೆ ಅದರ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲವೆಂಬ ನಿಮ್ಮ ಆತಂಕವೂ ಸರಿ. ಜಿಲ್ಲಾ ಕೇಂದ್ರದಲ್ಲಿ ಕಿರಿಯ ವಕೀಲರಿಗೆ ಹಿರಿಯರು ಕೊಡುವುದು ಬಸ್ಸಿನ ಖರ್ಚಿಗೂ ಸಾಲದೆ ಹೋಗುವುದುಂಟು. ತಂದೆಯೋ ಮಾವನೋ ವಕೀಲರಾಗಿರುವ ಮನೆಯವರಿಗೆ ಮೂರು ವರ್ಷ ಸುಲಭ, ಕೊರಟಗೆರೆಯ ಕಡೆಯಿಂದಲೋ ಪಾವಗಡದ ಕಡೆಯಿಂದಲೋ ಬಂದು ಬಾಡಿಗೆ ಕೋಣೆಯಲ್ಲಿರುವ ಹೆಣ್ಣುಮಗಳಿಗೆ ಅಲ್ಲ. ನಿಯಮ ತಂದವರು ಕಿರಿಯ ವಕೀಲರ ಭತ್ಯೆಯ ಪ್ರಶ್ನೆಯನ್ನೂ ಅದೇ ಉಸಿರಿನಲ್ಲಿ ಬಗೆಹರಿಸಬೇಕಿತ್ತು.

ಪರೀಕ್ಷೆಯನ್ನು ನಮ್ಮಲ್ಲಿ ಹೈಕೋರ್ಟೇ ನಡೆಸುತ್ತದೆ. ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ, ಮೌಖಿಕ ಪರೀಕ್ಷೆ ಎಂದು ಮೂರು ಹಂತ. ಮುಖ್ಯ ಪರೀಕ್ಷೆಯಲ್ಲಿ ಕಾನೂನಿನ ಮೂರು ಪತ್ರಿಕೆಗಳ ಜೊತೆ ಭಾಷಾಂತರದ ಒಂದು ಪತ್ರಿಕೆಯಿದ್ದು, ಸಾಕ್ಷಿ ಹೇಳಿಕೆ, ತೀರ್ಪು ಮುಂತಾದವನ್ನು ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ತರಬೇಕು. ಇದನ್ನು ಹಗುರವಾಗಿ ನೋಡಬೇಡಿ. ಕಟಕಟೆಯಲ್ಲಿ ನಿಂತವರು ಆಡಿದ ಮಾತಿನ ಒಂದು ಪ್ರತ್ಯಯ ತಪ್ಪಿದರೂ ಮೇಲ್ಮನವಿಯಲ್ಲಿ ಅರ್ಥ ಬದಲಾಗುತ್ತದೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನಲ್ಲಿ ಸಾಕ್ಷಿ ತೆಲುಗಿನಲ್ಲೇ ಶುರುಮಾಡುವುದೂ ಉಂಟು, ಅದಕ್ಕೆ ಯಾವ ಪತ್ರಿಕೆಯೂ ಇಲ್ಲ.

ಆಯ್ಕೆಯಾದವರಿಗೆ ಪೀಠದಲ್ಲಿ ಕೂರುವ ಮುನ್ನ ಒಂದು ವರ್ಷ ತರಬೇತಿ ಇರುತ್ತದೆ; ನಮ್ಮ ರಾಜ್ಯದವರಿಗೆ ಅದು ಬೆಂಗಳೂರಿನ ನ್ಯಾಯಾಂಗ ಅಕಾಡೆಮಿಯಲ್ಲಿ. ಸಂಬಳದ ವಿಷಯಕ್ಕೆ ಬಂದರೆ, ನ್ಯಾಯಮೂರ್ತಿ ಪಿ. ವೆಂಕಟರಾಮ ರೆಡ್ಡಿ ಅವರ ಅಧ್ಯಕ್ಷತೆಯ ಎರಡನೆಯ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಶಿಫಾರಸಿನಂತೆ ಸಿವಿಲ್ ನ್ಯಾಯಾಧೀಶರ ಆರಂಭದ ಮೂಲ ವೇತನ 77,840 ರೂಪಾಯಿ, ಹಿರಿಯ ಸಿವಿಲ್ ನ್ಯಾಯಾಧೀಶರದು 1,11,000, ಜಿಲ್ಲಾ ನ್ಯಾಯಾಧೀಶರದು 1,44,840. ಭತ್ಯೆಗಳು ಬೇರೆ. ಮೊದಲ ಹುದ್ದೆಯಲ್ಲಿ ಸಿವಿಲ್ ದಾವೆಗಳ ಜೊತೆಗೆ ಸಾಮಾನ್ಯವಾಗಿ ಜೆಎಂಎಫ್‌ಸಿ (ಪ್ರಥಮ ದರ್ಜೆಯ ನ್ಯಾಯಿಕ ದಂಡಾಧಿಕಾರಿ) ಅಧಿಕಾರವೂ ಇದ್ದು, ಮೂರು ವರ್ಷದವರೆಗೆ ಸೆರೆಶಿಕ್ಷೆ ವಿಧಿಸಬಹುದು; 2024ರ ಜುಲೈ 1ರಿಂದ ಜಾರಿಗೆ ಬಂದ, ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ದಂಡದ ಮಿತಿಯನ್ನು ಹತ್ತು ಸಾವಿರದಿಂದ ಐವತ್ತು ಸಾವಿರಕ್ಕೆ ಏರಿಸಿದೆ.

ಬಡ್ತಿಯ ದಾರಿ ಈಗ ಮೊದಲಿಗಿಂತ ಅಗಲವಾಗಿದೆ. ಜಿಲ್ಲಾ ನ್ಯಾಯಾಧೀಶರ ಹುದ್ದೆಗಳಲ್ಲಿ ಅರ್ಧ ಭಾಗ ಬಡ್ತಿಯಿಂದ, ಕಾಲು ಭಾಗ ಸೇವೆಯಲ್ಲಿರುವವರ ಸೀಮಿತ ಸ್ಪರ್ಧಾ ಪರೀಕ್ಷೆಯಿಂದ, ಉಳಿದ ಕಾಲು ಭಾಗ ನೇರ ನೇಮಕದಿಂದ ತುಂಬುತ್ತವೆ. ನೇರ ನೇಮಕ ವಕೀಲರಿಗೆ ಮಾತ್ರ ಎಂಬ ನಿಲುವನ್ನು ಬದಲಿಸಿ, ವಕೀಲಿಕೆ ಮತ್ತು ನ್ಯಾಯಾಂಗ ಸೇವೆ ಎರಡೂ ಸೇರಿ ಏಳು ವರ್ಷವಾಗಿದ್ದರೆ ಸೇವೆಯಲ್ಲಿರುವವರೂ ಸ್ಪರ್ಧಿಸಬಹುದೆಂದು 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಆದ್ದರಿಂದ ನಿಮ್ಮ ಮೂರು ವರ್ಷ ವ್ಯರ್ಥವಾಗುವುದಿಲ್ಲ, ಮುಂದೆ ಅದೇ ಲೆಕ್ಕಕ್ಕೆ ಸೇರುತ್ತದೆ. ಸ್ವಂತ ಜಿಲ್ಲೆಯಲ್ಲಿ ಮಾತ್ರ ಸಾಮಾನ್ಯವಾಗಿ ನೇಮಿಸುವುದಿಲ್ಲ, ಒಂದೇ ಕಡೆ ಹೆಚ್ಚು ವರ್ಷ ಇಡುವುದೂ ಇಲ್ಲ. ಮದುವೆ, ಮಕ್ಕಳ ಶಾಲೆ ಎಲ್ಲವನ್ನೂ ಆ ಲೆಕ್ಕದಲ್ಲೇ ಹೊಂದಿಸಿಕೊಳ್ಳಬೇಕಾಗುತ್ತದೆ.

ಪ್ರಶ್ನೆ: ನಮ್ಮ ಸೊಸೆ ಬೇರೆ ಜಿಲ್ಲೆಯಲ್ಲಿ ಸಿವಿಲ್ ನ್ಯಾಯಾಧೀಶೆ, ಇನ್ನೂ ಪ್ರೊಬೇಷನ್‌ನಲ್ಲಿದ್ದಾಳೆ. ಹೆರಿಗೆ ರಜೆಯಿಂದ ವಿಲೇವಾರಿ ಕಡಿಮೆಯಾಯಿತೆಂದು ಕೆಲಸ ಹೋದೀತೆಂಬ ಭಯದಲ್ಲಿದ್ದಾಳೆ. ಹಾಗೆ ತೆಗೆಯಲು ಬರುತ್ತದೆಯೇ?
ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಪ್ರೊಬೇಷನ್‌ನಲ್ಲಿರುವವರ ಕೆಲಸ ತೃಪ್ತಿಕರವಲ್ಲವೆಂದು ಕಂಡರೆ ಇಲಾಖಾ ವಿಚಾರಣೆಯಿಲ್ಲದೆಯೇ ಬಿಡುಗಡೆ ಮಾಡಬಹುದು, ಇದು ಸಾಮಾನ್ಯ ನಿಯಮ. ಆದರೆ ಮೇಲ್ನೋಟಕ್ಕೆ ಸರಳವಾದ ಬಿಡುಗಡೆಯ ಆದೇಶದ ಹಿಂದೆ ಆರೋಪವೊಂದು ಅಡಗಿದ್ದರೆ ಅದು ಶಿಕ್ಷೆಯೇ ಆಗುತ್ತದೆ, ವಿಚಾರಣೆ ನಡೆಸದೆ ಶಿಕ್ಷಿಸಲಾಗದು. ಪಂಜಾಬಿನ ಇಬ್ಬರು ಪ್ರೊಬೇಷನರಿ ನ್ಯಾಯಾಧೀಶರ ಸಂಬಂಧವಾಗಿ 1974ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಕೊಟ್ಟ ಶಂಶೇರ್ ಸಿಂಗ್ ತೀರ್ಪು ಇಂದಿಗೂ ಇದಕ್ಕೆ ಆಧಾರ.

ನಿಮ್ಮ ಸೊಸೆ ಓದಿಕೊಳ್ಳಬೇಕಾದ ತೀರ್ಪು ಇನ್ನೂ ಈಚಿನದು. ಮಧ್ಯಪ್ರದೇಶದಲ್ಲಿ 2023ರಲ್ಲಿ ಆರು ಮಂದಿ ಮಹಿಳಾ ಸಿವಿಲ್ ನ್ಯಾಯಾಧೀಶರನ್ನು ಪ್ರೊಬೇಷನ್ ಅವಧಿಯ ಕೆಲಸ ಸಾಲದೆಂದು ಸೇವೆಯಿಂದ ತೆಗೆಯಲಾಯಿತು. ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡ ಮೇಲೆ ನಾಲ್ವರನ್ನು ಹಿಂದಕ್ಕೆ ತೆಗೆದುಕೊಂಡರು. ಉಳಿದ ಇಬ್ಬರ ವಜಾ ಆದೇಶವನ್ನು 2025ರ ಫೆಬ್ರುವರಿ 28ರಂದು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ರದ್ದುಮಾಡಿತು. ಆ ಇಬ್ಬರಲ್ಲಿ ಒಬ್ಬರು ಕೋವಿಡ್ ಮತ್ತು ಗರ್ಭಪಾತವನ್ನು ಅನುಭವಿಸಿದ್ದರು. ಅಂಕಿಗಳನ್ನು ಅವುಗಳ ಹಿಂದಿನ ಪರಿಸ್ಥಿತಿಯಿಂದ ಬೇರ್ಪಡಿಸಿ ನೋಡುವಂತಿಲ್ಲವೆಂಬುದನ್ನು ಆ ತೀರ್ಪು ವಿಸ್ತಾರವಾಗಿ ಹೇಳುತ್ತದೆ. ನ್ಯಾಯಪೀಠಕ್ಕೆ ಹೆಣ್ಣುಮಕ್ಕಳು ಬರಬೇಕೆಂದು ಭಾಷಣ ಮಾಡಿ, ಬಂದವರ ಬಾಣಂತನದ ತಿಂಗಳುಗಳನ್ನೂ ಯೂನಿಟ್ ಲೆಕ್ಕದಲ್ಲಿ ತೂಗುವುದು ಯಾವ ನ್ಯಾಯವೆಂದು ನಾನೂ ಕೇಳುತ್ತೇನೆ. ರಜೆಯ ಮಂಜೂರಾತಿ ಆದೇಶ, ರಜೆಗೆ ಮೊದಲು ಮತ್ತು ನಂತರದ ಮಾಸಿಕ ವಿಲೇವಾರಿ ಪಟ್ಟಿ ಇವುಗಳ ಪ್ರತಿಗಳನ್ನು ಆಕೆ ಜೋಪಾನವಾಗಿ ಇಟ್ಟುಕೊಳ್ಳಲಿ. ಗೋಪ್ಯ ವರದಿಯಲ್ಲಿ ಪ್ರತಿಕೂಲ ಷರಾ ಬಂದು ಅದನ್ನು ತಿಳಿಸಿದರೆ, ಕೊಟ್ಟ ಗಡುವಿನೊಳಗೆ ಲಿಖಿತ ಮನವಿ ಸಲ್ಲಿಸಲಿ.

ಪ್ರಶ್ನೆ: ನಮ್ಮ ವಿರುದ್ಧ ತೀರ್ಪು ಕೊಟ್ಟ ನ್ಯಾಯಾಧೀಶರು ಎದುರು ಪಕ್ಷದವರಿಂದ ಹಣ ಪಡೆದಿದ್ದಾರೆಂದು ಊರೆಲ್ಲ ಮಾತಾಡುತ್ತಿದೆ. ಹೆಸರು ಹಾಕದೆ ಒಂದು ಅರ್ಜಿ ಬರೆದರೆ ತನಿಖೆ ಆಗುತ್ತದೆಯೇ?
ಓದುಗರೊಬ್ಬರು, ಮಾಲೂರು

ಉತ್ತರ: ಆಗುವುದಿಲ್ಲ, ಆಗಬಾರದು ಕೂಡ. ಕೆಳಹಂತದ ನ್ಯಾಯಾಧೀಶರ ಮೇಲಿನ ದೂರಿನ ಜೊತೆ ಪ್ರಮಾಣಿತ ಅಫಿಡವಿಟ್ಟೂ ಪರಿಶೀಲಿಸಬಹುದಾದ ಆಧಾರವೂ ಇರಬೇಕೆಂದು 2014ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಿಂದ ಹೈಕೋರ್ಟುಗಳಿಗೆ ಸೂಚನೆ ಹೋಗಿದೆ. ಅನಾಮಧೇಯ ಅರ್ಜಿಗಳು ಕಡತ ಸೇರುತ್ತವೆ, ಅಷ್ಟೆ. ನಿಮ್ಮ ಬಳಿ ನಿಜವಾಗಿಯೂ ಆಧಾರವಿದ್ದರೆ ನಿಮ್ಮ ಹೆಸರು, ವಿಳಾಸ, ಅಫಿಡವಿಟ್ ಸಮೇತ ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಅವರಿಗೆ ಬರೆಯಿರಿ. ಹೈಕೋರ್ಟಿನಲ್ಲಿ ಜಾಗೃತ ವಿಭಾಗವೇ ಇದೆ. ಊರಿನವರ ಮಾತು ಆಧಾರವಲ್ಲ.

ಇಷ್ಟು ಕಠಿಣವಾಗಿ ಹೇಳುವುದಕ್ಕೆ ಕಾರಣವಿದೆ. ಪ್ರತಿ ತೀರ್ಪಿನಲ್ಲೂ ಒಬ್ಬರು ಸೋಲುತ್ತಾರೆ, ಸೋತವರ ಕೈಯಲ್ಲಿ ಪೆನ್ನಿರುತ್ತದೆ. ಕ್ಷುಲ್ಲಕ ದೂರುಗಳಿಗೆಲ್ಲ ಕಿವಿಗೊಟ್ಟರೆ ಯಾವ ಅಧಿಕಾರಿಯೂ ಧೈರ್ಯವಾಗಿ ಕೆಲಸ ಮಾಡಲಾರನೆಂದೂ, ಪ್ರಾಮಾಣಿಕರನ್ನು ಕಾಪಾಡುವುದು ಹೈಕೋರ್ಟಿನ ಹೊಣೆಯೆಂದೂ ಸುಪ್ರೀಂ ಕೋರ್ಟು 1988ರಲ್ಲಿ ಈಶ್ವರ ಚಂದ್ ಜೈನ್ ಪ್ರಕರಣದಲ್ಲಿ ಹೇಳಿದೆ. ದೂರಿನ ಭಯದಿಂದ ಆಗುವ ಅನಾಹುತ ಕಣ್ಣಿಗೆ ಕಾಣುವಂಥದ್ದಲ್ಲ: ಜಾಮೀನು ಕೊಡಬಹುದಾದಲ್ಲಿ ಮೇಲಿನ ಕೋರ್ಟು ಕೊಡಲಿ ಎಂದು ನಿರಾಕರಿಸುತ್ತಾರೆ, ಪ್ರಬಲರ ವಿರುದ್ಧದ ದಾವೆಗೆ ಇನ್ನೊಂದು ವಾಯಿದೆ ಹಾಕುತ್ತಾರೆ. ಬೆದರಿಕೆ ಅರ್ಜಿಗಷ್ಟೇ ನಿಲ್ಲದೆ ಇದ್ದದ್ದೂ ಉಂಟು. ಗುಜರಾತಿನ ನಡಿಯಾಡ್‌ನಲ್ಲಿ 1989ರಲ್ಲಿ ಪೊಲೀಸರು ಮುಖ್ಯ ನ್ಯಾಯಿಕ ದಂಡಾಧಿಕಾರಿಯನ್ನೇ ಥಳಿಸಿ, ಬೇಡಿ ಹಾಕಿ, ಹಗ್ಗದಿಂದ ಕಟ್ಟಿದರು. ಆ ಪೊಲೀಸರನ್ನು ನ್ಯಾಯಾಂಗ ನಿಂದನೆಗಾಗಿ ಶಿಕ್ಷಿಸಿದ 1991ರ ತೀರ್ಪಿನಿಂದಲೇ, ನ್ಯಾಯಾಧೀಶರನ್ನು ಬಂಧಿಸಬೇಕಾದರೆ ಜಿಲ್ಲಾ ನ್ಯಾಯಾಧೀಶರಿಗೋ ಹೈಕೋರ್ಟಿಗೋ ತಿಳಿಸಬೇಕೆಂಬ ಕಟ್ಟುಪಾಡು ಬಂದದ್ದು.

ತೀರ್ಪು ತಪ್ಪೆಂಬುದಷ್ಟೇ ನಿಮ್ಮ ದೂರಾಗಿದ್ದರೆ ದಾರಿ ಮೇಲ್ಮನವಿ. ಅದಕ್ಕೆ ಕಾಲಮಿತಿಯಿದೆ, ಜಿಲ್ಲಾ ನ್ಯಾಯಾಲಯಕ್ಕಾದರೆ ಮೂವತ್ತು ದಿನ, ಹೈಕೋರ್ಟಿಗಾದರೆ ತೊಂಬತ್ತು. ಅರ್ಜಿ ಬರೆಯುತ್ತ ಅದನ್ನು ಕಳೆದುಕೊಳ್ಳಬೇಡಿ. ಇನ್ನು ತೀರ್ಪು ಬರದ ಬೇರೆ ದಾವೆಯೇನಾದರೂ ಅದೇ ನ್ಯಾಯಾಲಯದಲ್ಲಿದ್ದು, ಪಕ್ಷಪಾತದ ಶಂಕೆಗೆ ಗಟ್ಟಿ ಕಾರಣವಿದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೆಯ ಕಲಮಿನಡಿ ಜಿಲ್ಲಾ ನ್ಯಾಯಾಲಯದಲ್ಲಿ ವರ್ಗಾವಣೆಗೆ ಕೇಳಬಹುದು.

ಪ್ರಶ್ನೆ: ಐವತ್ತು ದಾಟಿದ ನ್ಯಾಯಾಧೀಶರೊಬ್ಬರನ್ನು ಕಡ್ಡಾಯವಾಗಿ ನಿವೃತ್ತಿಗೊಳಿಸಿದರೆಂದು ಓದಿದೆ. ಹಾಗಿದ್ದರೆ ಅವರು ಭ್ರಷ್ಟರೆಂದು ಸಾಬೀತಾದಂತೆಯೇ?
ನಿವೃತ್ತ ಶಿಕ್ಷಕರು, ಗೌರಿಬಿದನೂರು

ಉತ್ತರ: ಅಲ್ಲ. ಸಾರ್ವಜನಿಕ ಹಿತದೃಷ್ಟಿಯ ಕಡ್ಡಾಯ ನಿವೃತ್ತಿ ಕಾನೂನಿನ ಕಣ್ಣಿನಲ್ಲಿ ಶಿಕ್ಷೆಯಲ್ಲ, ಪಿಂಚಣಿಗೆ ಧಕ್ಕೆಯಿಲ್ಲ, ಆರೋಪಪಟ್ಟಿಯೂ ಇರುವುದಿಲ್ಲ. ಆರೋಪ ಹೊರಿಸಿ, ವಿಚಾರಣೆ ನಡೆಸಿ, ವಜಾ ಮಾಡುವುದು ಬೇರೆಯೇ ಕ್ರಮ. ಆದರೆ ಜನ ಈ ವ್ಯತ್ಯಾಸವನ್ನು ಗಮನಿಸುವುದಿಲ್ಲವೆಂಬುದಕ್ಕೆ ನಿಮ್ಮ ಪ್ರಶ್ನೆಯೇ ಸಾಕ್ಷಿ, ಅದಕ್ಕೇ ಆ ಅಧಿಕಾರವನ್ನು ಬಳಸುವವರು ಎಚ್ಚರದಿಂದಿರಬೇಕು. ನ್ಯಾಯಾಧೀಶರ ನಿವೃತ್ತಿಯ ವಯಸ್ಸು ಐವತ್ತೆಂಟರಿಂದ ಅರವತ್ತಕ್ಕೆ ಏರಿದ್ದು ಸುಪ್ರೀಂ ಕೋರ್ಟಿನ 1991ರ ತೀರ್ಪಿನಿಂದ. ಆ ಕೊನೆಯ ಎರಡು ವರ್ಷ ತಾನಾಗಿ ಸಿಗುವಂಥದ್ದಲ್ಲ, ಹೈಕೋರ್ಟು ಯೋಗ್ಯತೆ ನೋಡಿಯೇ ಕೊಡಬೇಕೆಂದು 1993ರಲ್ಲಿ ಸ್ಪಷ್ಟಪಡಿಸಲಾಯಿತು.

ಪ್ರಶ್ನೆ: ನಮ್ಮ ಜಿಲ್ಲೆಯಲ್ಲೇ ನ್ಯಾಯಾಧೀಶರಾಗಿ ನಿವೃತ್ತರಾದವರು ಮರುತಿಂಗಳೇ ಅಲ್ಲೇ ಕೋಟು ಹಾಕಿ ವಾದಿಸಬಹುದೇ?
ಓದುಗರೊಬ್ಬರು, ಕೋಲಾರ

ಉತ್ತರ: ಇಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ, ನಿವೃತ್ತಿಗೆ ಹಿಂದಿನ ಮೂರು ವರ್ಷಗಳಲ್ಲಿ ತಾವು ಅಧಿಕಾರ ನಡೆಸಿದ ಪ್ರದೇಶದಲ್ಲಿ ಎರಡು ವರ್ಷ ವಕೀಲಿಕೆ ಮಾಡುವಂತಿಲ್ಲ. ಬೇರೆ ಜಿಲ್ಲೆಯಲ್ಲಿ ಮಾಡಲು ಅಡ್ಡಿಯಿಲ್ಲ.